ತೋಟಕ್ಕೆ ಇಳಿಯುವಾಗ ನೋವು, ಏರಿ ಬರುವಾಗ ಇಲ್ಲ. ಇಂಥ ಕಾಲು ಬೇರೆ ಯಾರಿಗಾದರೂ ಇದೆಯಾ?

ಕೆಳಗಿನತೋಟ · ಜೂನ್ 27, ರಾತ್ರಿ 9:12

ನಮಸ್ಕಾರ. ಇಷ್ಟು ದಿನ ಇಲ್ಲಿ ಅಡಿಕೆ ಧಾರಣೆ, ಕೊಳೆ ರೋಗ ಅಂತ ಓದಿಕೊಂಡು ಸುಮ್ನೆ ಇದ್ದವನು ನಾನು. ಇವತ್ತು ನನ್ನ ಕಾಲಿನ ವಿಷಯ ಕೇಳಬೇಕಾಗಿದೆ.

ವಯಸ್ಸು 58, ಹೊಸನಗರ ತಾಲ್ಲೂಕು. ನಾಲ್ಕು ವರ್ಷದಿಂದ ಎರಡೂ ಕಾಲಲ್ಲಿ ನೋವು, ಎಡಗಾಲಲ್ಲಿ ಜಾಸ್ತಿ. ಸೊಂಟದಲ್ಲಿ ಶುರುವಾಗಿ ತೊಡೆಯ ಹಿಂದೆ ಇಳಿದು ಮೀನಖಂಡಕ್ಕೆ ಬರುತ್ತದೆ. ಮೊದಲು ಜೋಮು. ಆಮೇಲೆ ಉರಿ. ಆಮೇಲೆ ಕಾಲೇ ನನ್ನದಲ್ಲ ಅನ್ನುವಷ್ಟು ಭಾರ. ನಮ್ಮದು ಮನೆ ಮೇಲೆ, ತೋಟ ಕೆಳಗೆ. ಅಂಗಳದಿಂದ ತೋಟದ ಬಾಗಿಲಿನ ಉಣಗೋಲಿನವರೆಗೆ 212 ಹೆಜ್ಜೆ. ಎಣಿಸಿದ್ದೇನೆ. 90ಕ್ಕೆ ಜೋಮು ಬರುತ್ತದೆ, 150ಕ್ಕೆ ಉರಿ, ಆಮೇಲೆ ದಾರಿ ಬದಿಯ ಮಣ್ಣಿನ ಧರೆ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂರುತ್ತೇನೆ. ಐದು ನಿಮಿಷ ಕೂತರೆ ಏನೂ ಆಗಿಲ್ಲ ಅನ್ನುವ ಹಾಗೆ ಹೋಗುತ್ತದೆ. ಮತ್ತೆ ನಡೆದರೆ ಮತ್ತೆ ಅದೇ.

ವಿಚಿತ್ರ ಏನೆಂದರೆ, ಅದೇ ದಾರಿಯಲ್ಲಿ ಏರಿ ಬರುವಾಗ ಅರ್ಧದಷ್ಟೂ ನೋವಿಲ್ಲ. ಅಪ್ಪಯ್ಯನಿಗೆ ಈಗ 84. ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಾರೆ. ಮೊನ್ನೆ ಆಳುಗಳ ಎದುರಿಗೇ ಅಂದರು: "ಕೆಲಸಕ್ಕೆ ಹೋಗುವಾಗ ಬರುತ್ತದೆ, ಊಟಕ್ಕೆ ಬರುವಾಗ ಬರುವುದಿಲ್ಲ. ಭಾರೀ ಬುದ್ಧಿವಂತ ನೋವು ಮಾರಾಯ ನಿಂದು." ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಒಂದು ಕಡೆ ತೋರಿಸಿದ್ದೆ. ಮಂಡಿ ಸವೆದಿದೆ ಅಂತ ಎರಡು ವರ್ಷ ಮಂಡಿಗೆ ಮಾತ್ರೆ ಕೊಟ್ಟರು. ನನಗೆ ಮಂಡಿ ನೋವೇ ಇರಲಿಲ್ಲ.

ಸಾಗರದ_ಮಾಣಿ · ಜೂನ್ 27, ರಾತ್ರಿ 9:40

ಅಣ್ಣ, ಲಕ್ಕಿ ಸೊಪ್ಪು ಬೇಯಿಸಿ ಆ ಬಿಸಿ ನೀರಲ್ಲಿ ಶಾಖ ಕೊಡಿ. ನಮ್ಮ ಅಜ್ಜಿಗೆ ಸೊಂಟ ಹಿಡಿದಾಗ ಮೂರೇ ದಿನಕ್ಕೆ ಬಿಟ್ಟಿತ್ತು. ಇನ್ನೊಂದು ಕೇಳಬೇಕಿತ್ತು, ನಮ್ಮ ಕಡೆ ಹಂದಿಗೋಡು ಕಾಯಿಲೆ ಅಂತ ಇದೆಯಲ್ಲ, ಅದೂ ನಡೆಯಲು ಆಗದ ಕಾಯಿಲೆಯೇ. ಅದಾಗಿರಬಹುದಾ?

ಕೊಪ್ಪದ_ಕಾಫಿ · ಜೂನ್ 27, ರಾತ್ರಿ 10:05

ನಿಮ್ಮದು ನನಗಿಂತ ಉಲ್ಟಾ ಇದೆ ಸಾರ್. ನನಗೆ ಡಿಸ್ಕ್ ಜಾರಿ ನರ ಒತ್ತುತ್ತಿದೆ, ಸಿಯಾಟಿಕಾ. ನಡೆದರೆ ಪರವಾಗಿಲ್ಲ, ಕೂತರೆ ಬಗ್ಗಿದರೆ ಕರೆಂಟ್ ಹೊಡೆದ ಹಾಗೆ ಹೆಬ್ಬೆರಳವರೆಗೆ ಹೋಗುತ್ತದೆ. ಕೊಪ್ಪದಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ನಿಂತೇ ಬರುತ್ತೇನೆ. ಯಾರಾದರೂ ಪಾಪ ಅಂತ ಸೀಟು ಬಿಟ್ಟುಕೊಟ್ಟರೆ ಬೇಡ ಅನ್ನಬೇಕು. ಬೇಡ ಅಂದರೆ ಅವರಿಗೆ ಸಿಟ್ಟು. ಕಂಡಕ್ಟರಿಗೆ ಅನುಮಾನ.

ನಿಮಗೆ ಅಡಿಕೆ ಸುಲಿಯಲು ಕೂರಲು ಆಗುತ್ತದಾ?

ಕೆಳಗಿನತೋಟ · ಜೂನ್ 28, ಬೆಳಗ್ಗೆ 6:20

ಸುಲಿಯಲು ಏನೂ ತೊಂದರೆ ಇಲ್ಲ. ಮೆಟ್ಟುಗತ್ತಿ ಎದುರಿಗೆ ಬಗ್ಗಿ ಕೂತರೆ ಎರಡು ತಾಸು ಸಲೀಸು. ಅದಕ್ಕೇ ನೋಡಿ ಮನೆಯಲ್ಲಿ ಯಾರೂ ನಂಬದೇ ಇರುವುದು.

ಬೆನ್ನುಹುರಿ_ಫಿಸಿಯೊ · ಜೂನ್ 28, ಮಧ್ಯಾಹ್ನ 2:15

ಶಿವಮೊಗ್ಗದಲ್ಲಿ ಫಿಸಿಯೊಥೆರಪಿ ಮಾಡುತ್ತೇನೆ. ನೋಡದೆ ಕಾಯಿಲೆ ಹೆಸರು ಹೇಳಬಾರದು. ಆದರೂ ನಿಮ್ಮ ಅಪ್ಪಯ್ಯನ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ. ತಮಾಷೆಗೆ ಅಂದಿದ್ದರೂ ಡಾಕ್ಟರಿಗೆ ಬೇಕಾದ ಸುಳಿವು ಅದರಲ್ಲೇ ಇದೆ.

ಬೆನ್ನುಮೂಳೆಯ ಒಳಗೆ ಒಂದು ಕೊಳವೆ. ಕಾಲಿಗೆ ಹೋಗುವ ನರಗಳೆಲ್ಲ ಅದರೊಳಗೆ ಇಳಿಯುತ್ತವೆ. ವಯಸ್ಸಾದ ಹಾಗೆ ಡಿಸ್ಕ್ ಉಬ್ಬುತ್ತದೆ, ಮೂಳೆಗಳನ್ನು ಹಿಡಿದಿಡುವ ಹಿಂದಿನ ಪಟ್ಟಿ ದಪ್ಪ ಆಗುತ್ತದೆ, ಮೂಳೆ ಸ್ವಲ್ಪ ಬೆಳೆಯುತ್ತದೆ, ಕೊಳವೆ ಕಿರಿದಾಗುತ್ತದೆ. ಇದಕ್ಕೆ ಸ್ಪೈನಲ್ ಸ್ಟೆನೋಸಿಸ್ ಅನ್ನುತ್ತಾರೆ. ನೆಟ್ಟಗೆ ನಿಂತಾಗ, ಹಿಂದಕ್ಕೆ ವಾಲಿದಾಗ ಆ ಜಾಗ ಇನ್ನೂ ಕಿರಿದು. ಮುಂದಕ್ಕೆ ಬಗ್ಗಿದಾಗ ಸ್ವಲ್ಪ ಅಗಲ. ಈಗ ನಿಮ್ಮ ದಾರಿ ನೆನಪು ಮಾಡಿಕೊಳ್ಳಿ. ಇಳಿಯುವಾಗ ಜಾರಬಾರದು ಅಂತ ಮೈ ಹಿಂದಕ್ಕೆ ವಾಲುತ್ತದೆ. ಏರುವಾಗ ತಾನಾಗಿ ಮುಂದಕ್ಕೆ ಬಗ್ಗುತ್ತದೆ. ಮೆಟ್ಟುಗತ್ತಿ ಎದುರಿಗೂ ಬಗ್ಗಿಯೇ ಕೂರುವುದು.

ಕೊಪ್ಪದವರಿಗೆ ಬಗ್ಗಿದರೆ ಡಿಸ್ಕಿನ ಒತ್ತಡ ಹೆಚ್ಚಾಗುತ್ತದೆ. ಹಾಗಾಗಿ ಅವರದ್ದು ಉಲ್ಟಾ. ಇಬ್ಬರ ವ್ಯಾಯಾಮವೂ ಉಲ್ಟಾ. ಒಬ್ಬರದ್ದನ್ನು ಇನ್ನೊಬ್ಬರು ನೋಡಿ ಮಾಡಬೇಡಿ.

ಕೆಲವು ಪ್ರಶ್ನೆ. ಸೊಸೈಟಿ ಕ್ಯೂನಲ್ಲಿ ಸುಮ್ನೆ ನಿಂತರೂ ನೋವು ಬರುತ್ತದಾ? ಸೈಕಲ್ ಹೊಡೆದರೆ? ಬೀಡಿ ಸಿಗರೇಟು ಇದೆಯಾ? ಕಾಲಿಗೆ ರಕ್ತ ಸರಿಯಾಗಿ ಹೋಗದಿದ್ದರೂ ನಡೆದಾಗ ಮೀನಖಂಡ ಹಿಡಿಯುತ್ತದೆ. ಆದರೆ ಅದು ಏರುವಾಗ ಜಾಸ್ತಿ ಆಗುತ್ತದೆ, ಸುಮ್ನೆ ನಿಂತರೆ ಸಾಕು ಹೋಗುತ್ತದೆ, ಕೂರಬೇಕಾಗಿಲ್ಲ.

ಒಂದು ಮಾತ್ರ ಮರೆಯಬೇಡಿ. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆ ಸಂಧಿಯಲ್ಲಿ, ಕೂರುವ ಜಾಗದಲ್ಲಿ ಸ್ಪರ್ಶ ಹೋದರೆ, ಕಾಲಿನ ಬಲ ದಿಢೀರ್ ಬಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಮಾಣಿಯವರೇ, ಹಂದಿಗೋಡು ಕಾಯಿಲೆ ನರದ್ದಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದದ್ದು. ಸೊಂಟದ ಕೀಲು, ಬೆನ್ನುಮೂಳೆ ಹಾಳಾಗುತ್ತದೆ, ವಂಶದಲ್ಲಿ ಬರುತ್ತದೆ. ಇವರದ್ದು ಅದರ ಹಾಗೆ ಕಾಣುವುದಿಲ್ಲ.

ಕೆಳಗಿನತೋಟ · ಜೂನ್ 28, ರಾತ್ರಿ 8:50

ಎರಡು ಸಲ ಓದಿದೆ. ಹೆಂಡತಿಗೂ ಓದಿ ಹೇಳಿದೆ.

ಕ್ಯೂನಲ್ಲಿ ನಿಂತರೆ ಬರುತ್ತದೆ, ಹೌದು. ಕೌಂಟರ್ ಮೇಲೆ ಮೊಣಕೈ ಊರಿ ಬಗ್ಗಿದರೆ ಕಡಿಮೆ ಆಗುತ್ತದೆ. ಬೀಡಿ ಇಲ್ಲ, ಎಲೆ-ಅಡಿಕೆ ಕವಳ ಇದೆ. ಸೈಕಲ್ ಬಗ್ಗೆ ಕೇಳಿದಿರಿ. ಹಾಲಿನ ಡೈರಿ ನಮ್ಮ ಮನೆಯಿಂದ ಹೆಚ್ಚು ಕಮ್ಮಿ ಒಂದು ಕಿಲೋಮೀಟರ್. ಕ್ಯಾನು ಹ್ಯಾಂಡಲಿಗೆ ನೇತುಹಾಕಿ ಸೈಕಲ್ ತಳ್ಳಿಕೊಂಡು ಹೋಗುತ್ತೇನೆ, ಹತ್ತುವುದಿಲ್ಲ. ಹಾಗೆ ಹೋದರೆ ಡೈರಿ ತಲುಪುತ್ತೇನೆ. ಬರಿಗೈಯಲ್ಲಿ ಹೋದರೆ ಸೇತುವೆ ಹತ್ತಿರವೇ ಕೂರಬೇಕು. ಕ್ಯಾನಿನ ಭಾರ ಇಲ್ಲದೆ ಹೋಗುವುದೇ ಕಷ್ಟ ಅಂದರೆ ಯಾರು ನಂಬುತ್ತಾರೆ ಅಂತ ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಬೆನ್ನುಹುರಿ_ಫಿಸಿಯೊ · ಜೂನ್ 28, ರಾತ್ರಿ 9:05

ಹ್ಯಾಂಡಲ್ ಹಿಡಿದು ಬಗ್ಗುತ್ತೀರಿ, ಅದಕ್ಕೇ. ಊರುಗೋಲು ತಗೊಳ್ಳಲು ನಾಚಿಕೆ ಅನ್ನುವವರಿಗೆ ನಾನೇ ಸೈಕಲ್ ತಳ್ಳಲು ಹೇಳುವುದುಂಟು. ಡಾಕ್ಟರ ಹತ್ತಿರ ಹೋದಾಗ "ಕಾಲು ನೋವು" ಅಂತ ನಿಲ್ಲಿಸಬೇಡಿ. 90ನೇ ಹೆಜ್ಜೆ, ಇಳಿಯುವುದು, ಸೈಕಲ್ಲು, ಎಲ್ಲ ಹೇಳಿ.

ಉರಿಪಾದ · ಜೂನ್ 29, ಬೆಳಗ್ಗೆ 11:30

ನಡುವೆ ಬಂದೆ, ಕ್ಷಮಿಸಿ. ನಾನು ತೀರ್ಥಹಳ್ಳಿ ಕಡೆಯವಳು. ನೋವು ನನಗಲ್ಲ, ಅಮ್ಮನಿಗೆ. ಸಕ್ಕರೆ ಕಾಯಿಲೆ ಬಂದು 20 ವರ್ಷ. ರಾತ್ರಿ ಪಾದ ಎಷ್ಟು ಉರಿಯುತ್ತದೆ ಅಂದರೆ ಈ ಚಳಿಯಲ್ಲೂ ಕಂಬಳಿಯಿಂದ ಹೊರಗೆ ಹಾಕಿ ಮಲಗುತ್ತಾರೆ. ಹೊದಿಕೆಯ ಅಂಚು ತಾಗಿದರೂ ಹಾ ಅನ್ನುತ್ತಾರೆ. ಅದೇ ಪಾದಕ್ಕೆ ಹಗಲು ಮುಳ್ಳು ಚುಚ್ಚಿದರೆ ಗೊತ್ತಾಗುವುದಿಲ್ಲ. ಉರಿಯುವುದೂ ಅದೇ, ಮರಗಟ್ಟಿರುವುದೂ ಅದೇ. ಮೊದಮೊದಲು ನನಗೂ ಇದು ಸುಳ್ಳು ಅನ್ನಿಸಿತ್ತು.

ಹೋದ ಮಳೆಗಾಲದಲ್ಲಿ ಹಿತ್ತಲಿಗೆ ಹೋಗಿ ಬಂದವರ ಕಾಲಲ್ಲಿ ಮೂರು ಕಡೆ ರಕ್ತ. ಇಂಬಳ (ಜಿಗಣೆ) ಕಚ್ಚಿದ್ದು ಆ ಕ್ಷಣಕ್ಕೆ ಯಾರಿಗೂ ಗೊತ್ತಾಗಲ್ಲ, ಸರಿ. ಆದರೆ ಆಮೇಲಿನ ತುರಿಕೆ? ನಮಗೆ ನಾಲ್ಕು ದಿನ ಕೆರೆದು ಕೆರೆದು ಸಾಕಾಗುತ್ತದೆ. ಅಮ್ಮನಿಗೆ ಅದೂ ಇರಲಿಲ್ಲ. ಆವತ್ತು ನನಗೆ ನಿಜವಾಗಿ ಹೆದರಿಕೆ ಆಯಿತು. ಅದಾಗಿ ಒಂದು ತಿಂಗಳಿಗೆ ಚಪ್ಪಲಿಯೊಳಗೆ ಒಂದು ಅಡಿಕೆ ಚೂರು ಸೇರಿ, ಅದರ ಮೇಲೇ ಇಡೀ ದಿನ ಓಡಾಡಿ ಹುಣ್ಣಾಯಿತು. ಒಣಗಲು ಎರಡೂವರೆ ತಿಂಗಳು ಹಿಡಿಯಿತು.

ಈಗ ದಿನಾ ರಾತ್ರಿ ಊಟ ಆದ ಮೇಲೆ ಅವರ ಪಾದ ನನ್ನ ಮಡಿಲಿಗೆ. ಬೆರಳ ಸಂದು, ಹಿಮ್ಮಡಿ, ಎಲ್ಲ ಮೊಬೈಲ್ ಬೆಳಕಲ್ಲಿ ನೋಡುತ್ತೇನೆ. ಮನೆಯೊಳಗೂ ಚಪ್ಪಲಿ. ದೇವರ ಕೋಣೆಗೆ ಮಾತ್ರ ಬರಿಗಾಲು, ಆ ಜಗಳದಲ್ಲಿ ನಾನು ಸೋತಿದ್ದೇನೆ.

ಲಕ್ಕಿ ಸೊಪ್ಪಿನ ಶಾಖ ಹೇಳಿದ ಮಾಣಿಗೆ ಒಂದು ಮಾತು. ಬಚ್ಚಲಿನ ಹಂಡೆ ನೀರು ಎಷ್ಟು ಕುದಿಯುತ್ತಿರುತ್ತದೆ ಗೊತ್ತಲ್ಲ. ಸ್ಪರ್ಶ ಇಲ್ಲದ ಕಾಲಿಗೆ ಅದನ್ನು ಹಾಕಿದರೆ ಬೊಬ್ಬೆ ಬಂದ ಮೇಲೆಯೇ ಗೊತ್ತಾಗುವುದು. ನಮ್ಮಲ್ಲಿ ನೀರಿನ ಬಿಸಿಯನ್ನು ನಾನು ಮೊಣಕೈಯಲ್ಲಿ ನೋಡಿದ ಮೇಲೆಯೇ ಅಮ್ಮ ಸ್ನಾನಕ್ಕೆ ಹೋಗುವುದು. ಒಲೆಯ ಎದುರು ಕಾಲು ಚಾಚಿ ಕೂರುವುದನ್ನೂ ಬಿಡಿಸಿದ್ದೇನೆ.

ಸಾಗರದ_ಮಾಣಿ · ಜೂನ್ 29, ಮಧ್ಯಾಹ್ನ 12:10

ಅಕ್ಕ, ಇದು ಗೊತ್ತಿರಲಿಲ್ಲ. ಅಜ್ಜಿಗೂ ಸಕ್ಕರೆ ಇದೆ. ಇವತ್ತೇ ಮನೆಗೆ ಫೋನ್ ಮಾಡುತ್ತೇನೆ.

ಮಾತ್ರೆಅಂಗಡಿ · ಜೂನ್ 29, ರಾತ್ರಿ 10:20

ಔಷಧಿ ಅಂಗಡಿ ನಡೆಸುತ್ತೇನೆ. ಕೌಂಟರಿಗೆ ಬರುವವರಲ್ಲಿ ಮುಕ್ಕಾಲು ಜನ "ಒಂದು ನೋವಿನ ಮಾತ್ರೆ ಕೊಡಿ" ಅಂತಲೇ ಕೇಳುವುದು. ನರದ ನೋವಿಗೆ ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಗಾಯ ಆದಾಗ ನರ ಸುದ್ದಿ ಹೇಳುತ್ತದೆ, ಅದು ಬೇರೆ. ಇಲ್ಲಿ ನರವೇ ಕೆಟ್ಟಿದೆ. ಕಳ್ಳ ಬಂದಿಲ್ಲ, ನಾಯಿ ಸುಮ್ನೆ ಬೊಗಳುತ್ತಿದೆ. ಕಳ್ಳನನ್ನು ಹುಡುಕಿ ಏನು ಪ್ರಯೋಜನ? ಡೈಕ್ಲೋಫೆನಾಕ್ ತಿಂಗಳುಗಟ್ಟಲೆ ನುಂಗಿ ಹೊಟ್ಟೆಯಲ್ಲಿ ಹುಣ್ಣು ಮಾಡಿಕೊಂಡವರನ್ನು, ಕಿಡ್ನಿ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ನರಕ್ಕೆ ಡಾಕ್ಟರು ಬರೆಯುವುದು ಬೇರೆ ಗುಂಪು. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಡುಲಾಕ್ಸಿಟಿನ್, ಅಮಿಟ್ರಿಪ್ಟಿಲಿನ್, ನಾರ್‌ಟ್ರಿಪ್ಟಿಲಿನ್. ಮೊದಲ ಎರಡು ಫಿಟ್ಸ್‌ಗೂ ಕೊಡುತ್ತಾರೆ, ಉಳಿದವು ಖಿನ್ನತೆಗೂ ಕೊಡುವಂಥವು. ಅದನ್ನು ಓದಿ "ನನಗೇನು ಹುಚ್ಚಾ" ಅಂತ ಮಾತ್ರೆ ವಾಪಸ್ ತಂದವರು ಇದ್ದಾರೆ. ನರದ ನೋವಿಗೆ ಇವನ್ನು ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ನಿಧಾನ ಏರಿಸುತ್ತಾರೆ. ಗುಣ ಕಾಣಲು ವಾರಗಳು ಬೇಕು. ಎರಡು ದಿನಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ. ಚೆನ್ನಾಗಾಯಿತು ಅಂತ ಒಮ್ಮೆಗೇ ನಿಲ್ಲಿಸಲೂ ಬೇಡಿ. ಇಳಿಸುವುದೂ ನಿಧಾನ, ಡಾಕ್ಟರ್ ಹೇಳಿದ ಹಾಗೆ. ಪ್ರಿಗ್ಯಾಬಲಿನ್‌ನಿಂದ ತೂಕಡಿಕೆ, ತಲೆ ತಿರುಗುವುದು ಇದೆ, ಪಾದ ಊದಬಹುದು. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಬೇರೆ. ಅದನ್ನು ನುಂಗಿ ಆಗುಂಬೆ ಘಾಟಿಯಲ್ಲಿ ಬೈಕ್ ಓಡಿಸುತ್ತೇನೆ ಅಂದರೆ ನಾನಂತೂ ಹಿಂದೆ ಕೂರುವುದಿಲ್ಲ.

ಉರಿಪಾದ ಅವರೇ, ಅಮ್ಮ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ವಿಟಮಿನ್ ಬಿ12 ಒಮ್ಮೆ ನೋಡಿಸಿ. ಆ ಮಾತ್ರೆ ವರ್ಷಗಟ್ಟಲೆ ತಿಂದರೆ ಬಿ12 ಇಳಿಯುವುದುಂಟು. ಸಸ್ಯಾಹಾರಿಗಳಾದರೆ ಮೊದಲೇ ಕಡಿಮೆ. ಬಿ12 ಇಳಿದರೂ ಪಾದ ಜೋಮು ಹಿಡಿಯುತ್ತದೆ, ಉರಿಯುತ್ತದೆ. ಎಲ್ಲವನ್ನೂ ಸಕ್ಕರೆಯ ಲೆಕ್ಕಕ್ಕೆ ಬರೆದು ಕೂತರೆ ಇದು ತಪ್ಪಿಹೋಗುತ್ತದೆ.

ತುಮರಿಯವಳು · ಜೂನ್ 30, ಮಧ್ಯಾಹ್ನ 3:45

ಆ ಹುಚ್ಚಿನ ಮಾತ್ರೆ ತಿನ್ನುವವಳು ನಾನೇ. ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ. ಬಾಯಿ ಒಣಗುತ್ತದೆ, ಬೆಳಗ್ಗೆ ಒಂಚೂರು ಮಂಪರು. ಆದರೆ ನಿದ್ದೆ ಮಾಡುತ್ತೇನೆ. ಮಗ ಚೀಟಿ ಓದಿ ಗಾಬರಿಯಾಗಿ ಬೆಂಗಳೂರಿಂದ ಬಂದಿದ್ದ!

ನನಗೆ ಸರ್ಪಸುತ್ತು ಆಗಿದ್ದು ತೊಡೆಯ ಮೇಲೆ. ಗುಳ್ಳೆ ಒಣಗಿ ಆರು ವರ್ಷ ಆಯಿತು, ಉರಿ ಹೋಗಲಿಲ್ಲ. ನಡೆಯುವಾಗ ಸೀರೆಯ ನೆರಿಗೆ ತೊಡೆಗೆ ಸವರುತ್ತದಲ್ಲ, ಅದೇ ನನಗೆ ಬೆಂಕಿ. ಹಾಗಾಗಿ ಮನೆಯಲ್ಲಿ ಹಳೆಯ ಹತ್ತಿ ಲುಂಗಿ. ಮದುವೆ ಮನೆಗೆ ಸೀರೆ ಉಟ್ಟು ಹೋದರೆ ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದೇ ಓಡಾಡುವುದು. ನೋಡಿದವರು ಬಿಂಕ ಅಂತಾರೆ.

ಆವಾಗ ನಮಗೆ ಶರಾವತಿ ಹಿನ್ನೀರು ದಾಟಲು ಲಾಂಚ್ ಒಂದೇ ದಾರಿ. ಸಂಜೆಯ ಕೊನೆಯ ಲಾಂಚ್ ಹೋಯಿತು ಅಂದರೆ ಬೆಳಗಿನವರೆಗೆ ಹಿನ್ನೀರು ನೋಡುತ್ತಾ ಕೂರಬೇಕು. ಗುಳ್ಳೆ ಎದ್ದಾಗ ಯಾರೋ ಕೆಮ್ಮಣ್ಣು ಕಲಸಿ ಹಚ್ಚಿದರು, ತಂಪಾಯಿತು, ಐದು ದಿನ ಹಾಗೇ ಕಳೆಯಿತು. ಸಾಗರಕ್ಕೆ ಹೋದಾಗ ಡಾಕ್ಟರು ಹೇಳಿದರು, ವೈರಸ್ಸಿನ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದ್ದರೆ ಒಳ್ಳೆಯದಿತ್ತು ಅಂತ. ಹಚ್ಚಿದವರ ಮೇಲೆ ಸಿಟ್ಟಿಲ್ಲ. ಆ ಲೆಕ್ಕ ನಮಗೆ ಗೊತ್ತಿರಲಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ಈಗ ರಾತ್ರಿ ಹನ್ನೆರಡಕ್ಕೂ ದಾಟಬಹುದು. ಮೊದಲ ಸಲ ಕಾರಲ್ಲಿ ದಾಟುವಾಗ ನಾನು ತೊಡೆ ಮುಟ್ಟಿ ನೋಡಿಕೊಂಡೆ.

ಹೊಸ್ತಿಲು · ಜುಲೈ 2, ಬೆಳಗ್ಗೆ 7:30

ಬಲಗಾಲಿನ ಪಾದ ಮೇಲಕ್ಕೆ ಏಳುವುದಿಲ್ಲ ನನಗೆ. ಡಾಕ್ಟರು ಫುಟ್ ಡ್ರಾಪ್ ಅಂದರು. ನಮ್ಮ ಹಳೆ ಮನೆಯ ಹೊಸ್ತಿಲುಗಳು ನಿಮಗೆ ಗೊತ್ತು, ಕೆಲವು ಮುಕ್ಕಾಲು ಅಡಿ ಎತ್ತರ. ಎಡವಿ ಬಿದ್ದು ಎರಡು ಹಲ್ಲು ಹೋಯಿತು. ಈಗ ಪ್ಲಾಸ್ಟಿಕ್ಕಿನ ಪಟ್ಟಿ ಹಾಕುತ್ತೇನೆ, ಬೂಟಿನೊಳಗೆ ಕೂರುತ್ತದೆ, ಪಾದವನ್ನು ಎತ್ತಿ ಹಿಡಿಯುತ್ತದೆ. ಮಳೆಗಾಲದಲ್ಲಿ ಅದರೊಳಗೆ ಬೆವರಿ ಚರ್ಮ ಮೆತ್ತಗಾಗುತ್ತದೆ, ಹತ್ತಿ ಸಾಕ್ಸ್ ಬದಲಾಯಿಸುತ್ತಿರಬೇಕು.

ಕೆಳಗಿನತೋಟ ಅವರಿಗೆ ಹೇಳಬೇಕಾದ್ದು ದಾರಿಯ ಬಗ್ಗೆ. ಇಳಿಜಾರಿಗೆ ಹಾಸಲು ಅಡಿಕೆ ಮರ ಸೀಳಿದ ದಬ್ಬೆ ಬೇಡ, ಪಾಚಿ ಹಿಡಿದರೆ ಬೆಣ್ಣೆ. ದಬ್ಬೆಯನ್ನು ಕೈಹಿಡಿಕೆಗೆ ಕಟ್ಟಿ. ಸೊಂಟದ ಎತ್ತರಕ್ಕೆ, ದಾರಿಯ ಎರಡೂ ಬದಿ. ಕಾಲಡಿಗೆ ಮೆಟ್ಟಿಲು ಕಡಿಸಿ ಜಲ್ಲಿ ಹಾಕಿಸಿ. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಎರಚಿ ಉಜ್ಜಿಸಿ. ಊರುಗೋಲು ಹಿಡಿಯುವುದಾದರೆ ನೋವು ಜಾಸ್ತಿ ಇರುವ ಕಾಲಿನ ಎದುರು ಕೈಯಲ್ಲಿ. ಎಲ್ಲರೂ ಅದೇ ಬದಿಗೆ ಹಿಡಿಯುತ್ತಾರೆ, ನಾನೂ ಒಂದು ವರ್ಷ ತಪ್ಪಾಗಿಯೇ ಹಿಡಿದಿದ್ದೆ. ಬುಡದ ರಬ್ಬರ್ ಸವೆದರೆ ಅವತ್ತೇ ಬದಲಾಯಿಸಿ.

ಅಂಗವಿಕಲರ ಯುಡಿಐಡಿ ಕಾರ್ಡಿನ ಬಗ್ಗೆಯೂ ಇಲ್ಲಿ ಯಾರಾದರೂ ಕೇಳುತ್ತಾರೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಹೆಚ್ಚಿನ ಸೌಲಭ್ಯಕ್ಕೆ ಶೇ. 40 ಬೇಕು. ಮೆಡಿಕಲ್ ಬೋರ್ಡಿನ ಎದುರು ಕೂತಾಗ "ತುಂಬಾ ನೋವು" ಅಂದರೆ ಬರೆದುಕೊಳ್ಳಲು ಅವರಿಗೆ ಏನೂ ಸಿಗುವುದಿಲ್ಲ. ಪಾದ ಏಳುವುದಿಲ್ಲ, ಬಲ ಇಷ್ಟಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ನನಗೆ ಸಿಕ್ಕಿತು. ನನಗಿಂತ ಜಾಸ್ತಿ ನರಳುವ ನನ್ನ ಭಾವನಿಗೆ ಸಿಗಲಿಲ್ಲ. ಅವನ ಪಾದ ಏಳುತ್ತದೆ.

ಕೊಪ್ಪದ_ಕಾಫಿ · ಜುಲೈ 2, ಬೆಳಗ್ಗೆ 8:15

ಕೊನೆಯ ಸಾಲು ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಕೆಳಗಿನತೋಟ · ಜುಲೈ 24, ರಾತ್ರಿ 9:30

ಪುಷ್ಯ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ, ಕರೆಂಟ್ ಇವತ್ತು ಬಂತು. ಅದಕ್ಕೇ ತಡ.

ಶಿವಮೊಗ್ಗಕ್ಕೆ ಹೋಗಿ ಬಂದೆ. ಫಿಸಿಯೊ ಅವರು ಹೇಳಿದ ಹಾಗೆ ಹೆಜ್ಜೆ ಲೆಕ್ಕ, ಸೈಕಲ್ಲು, ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರು ಚೀಟಿ ಇಸಿದುಕೊಂಡು ಪೂರಾ ಓದಿದರು. ಮಂಡಿ ಮುಟ್ಟಲೂ ಇಲ್ಲ. ಪಾದದ ಮೇಲೆ ನಾಡಿ ಹಿಡಿದು ನೋಡಿದರು, ಹೆಬ್ಬೆರಳು ಎತ್ತಿಸಿದರು, ಹಿಮ್ಮಡಿಯ ಮೇಲೆ ನಡೆಸಿದರು. ಎಂಆರ್‌ಐ ಆಯಿತು. ಬೆನ್ನುಮೂಳೆಯ ಕೆಳಗಡೆ, ಎಲ್4-ಎಲ್5 ಹತ್ತಿರ ಕೊಳವೆ ಕಿರಿದಾಗಿದೆ. ಫಿಸಿಯೊ ಅವರ ಊಹೆ ಸರಿ.

ಆಪರೇಷನ್ ಈಗಲೇ ಬೇಡ ಅಂದಿದ್ದಾರೆ, ಕಾಲಿನ ಬಲ ಚೆನ್ನಾಗಿದೆಯಂತೆ. ರಾತ್ರಿಗೆ ಪ್ರಿಗ್ಯಾಬಲಿನ್ 75 ಮಿಲಿಗ್ರಾಂ. ಮಲಗಿ ಮಂಡಿಗಳನ್ನು ಎದೆಗೆ ಎಳೆದುಕೊಳ್ಳುವ ವ್ಯಾಯಾಮ ದಿನಕ್ಕೆ ಎರಡು ಸಲ. ಮೂರು ತಿಂಗಳು ನೋಡೋಣ, ಆಗದಿದ್ದರೆ ಬೆನ್ನಿಗೆ ಇಂಜೆಕ್ಷನ್, ಅದರ ಗುಣ ಕೆಲವು ಕಾಲ ಮಾತ್ರ, ಕೊನೆಗೆ ಕೊಳವೆ ಬಿಡಿಸುವ ಆಪರೇಷನ್ ಅಂತ ಬಿಡಿಸಿ ಹೇಳಿದರು. ಮೊದಲ ವಾರ ಮಾತ್ರೆಗೆ ಕಂಬಕ್ಕೆ ಒರಗಿದಲ್ಲೇ ನಿದ್ದೆ. ಈಗ ಪರವಾಗಿಲ್ಲ. ನೋವು ಹೋಗಿಲ್ಲ. 90 ಇದ್ದದ್ದು 120 ಆಗಿದೆ. ದಾರಿಗೆ ಕೈಹಿಡಿಕೆ ಒಂದು ಬದಿಗೆ ಆಯಿತು, ಇನ್ನೊಂದು ಬದಿ ಮಳೆ ಹೊಳವಾದ ಮೇಲೆ. ಅಡಿಕೆ ಕೊನೆ (ಗೊನೆ) ಕೊಯ್ಲಿಗೆ ನಾನು ಇಳಿಯುವುದಿಲ್ಲ. ಉದ್ದ ಕೋಲಿನಲ್ಲಿ ಕೊಯ್ಯುವ ದೋಟಿಯವರು ಬರುತ್ತಾರೆ, ನಾನು ಮೇಲೆ ಕೂತು ಲೆಕ್ಕ ಬರೆಯುತ್ತೇನೆ.

ಇನ್ನೊಂದು ವಿಷಯ. ಎಂಆರ್‌ಐ ಫಿಲ್ಮನ್ನು ಜಗಲಿಯ ಬೆಳಕಿಗೆ ಹಿಡಿದು ಅಪ್ಪಯ್ಯನಿಗೆ ತೋರಿಸಿದೆ. ಇಳಿಯುವಾಗ ಹೀಗೆ, ಏರುವಾಗ ಹೀಗೆ, ಬಗ್ಗಿದರೆ ಜಾಗ ಆಗುತ್ತದೆ ಅಂತ ವಿವರಿಸಿದೆ. ಏನೂ ಅನ್ನಲಿಲ್ಲ. ಕವಳ ಹಾಕಿಕೊಂಡರು. ಆಮೇಲೆ ಕೇಳಿದರು: "ದನದ ಬಾನಿ ಹಿಡಿದು ಬಗ್ಗಿ ನಿಂತರೂ ಕಡಿಮೆ ಆಗುತ್ತದಾ?" ಆಗುತ್ತದೆ ಅಂದೆ. "ಹೌದು, ಆಗುತ್ತದೆ" ಅಂದರು.

ಅವರು ತೋಟಕ್ಕೆ ಇಳಿಯುವುದನ್ನು ಬಿಟ್ಟು 12 ವರ್ಷ ಆಯಿತು. ಯಜಮಾನಿಕೆ ನನಗೆ ಬಿಟ್ಟುಕೊಟ್ಟರು ಅಂತ ನಾನು ತಿಳಿದಿದ್ದೆ. ಊರೆಲ್ಲ ಹಾಗೇ ಹೇಳಿಕೊಂಡು ತಿರುಗಿದ್ದೂ ಇದೆ.

ಉರಿಪಾದ · ಜುಲೈ 24, ರಾತ್ರಿ 9:50

ಅಯ್ಯೋ. 12 ವರ್ಷ ಯಾರಿಗೂ ಹೇಳಲೇ ಇಲ್ವಾ?

ಕೆಳಗಿನತೋಟ · ಜುಲೈ 24, ರಾತ್ರಿ 9:58

ಅಮ್ಮನಿಗೆ ಗೊತ್ತಿತ್ತಂತೆ. ಅವಳು ಇದ್ದಾಗ ನನಗೆ ಯಾಕೆ ಹೇಳಲಿಲ್ಲ ಅಂತ ಈಗ ಕೇಳುವ ಹಾಗಿಲ್ಲ.

ಬೆನ್ನುಹುರಿ_ಫಿಸಿಯೊ · ಜುಲೈ 25, ಬೆಳಗ್ಗೆ 7:10

ಅವರನ್ನೂ ಕರೆದುಕೊಂಡು ಬನ್ನಿ. 84ಕ್ಕೆ ಕೊಳವೆಯ ಜೊತೆ ರಕ್ತನಾಳದ ತೊಂದರೆಯೂ ಇರಬಹುದು, ಪಾದದ ನಾಡಿ ನೋಡಿಸಲೇಬೇಕು. ಮಾತ್ರೆಯನ್ನು ಮಾತ್ರ ನಿಮ್ಮದರಲ್ಲಿ ಹಂಚಿಕೊಡಬೇಡಿ. ಆ ವಯಸ್ಸಿಗೆ ತಲೆ ತಿರುಗಿ ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ.

ಕೆಳಗಿನತೋಟ · ಜುಲೈ 25, ರಾತ್ರಿ 8:40

ಕೇಳಿದೆ. ಬರುತ್ತೇನೆ ಅಂದರು, ಆದರೆ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಎರಡನೇ ಸುತ್ತು ಹೊಡೆದು ಮುಗಿದ ಮೇಲೆ ಅಂತೆ. ಹೊಡೆಯುವುದು ನಾನೂ ಅಲ್ಲ, ಅವರೂ ಅಲ್ಲ.